ಟಾಮ್‌ಕ್ಯಾಟ್ ಸರ್ವರಿಗೆ ವಾರ್ ಫೈಲ್ ಏರಿಸಿದ ನನ್ನ ಅನುಭವ

ಪತ್ತಿನ ಸಹಕಾರ ಸಂಘವೊಂದಕ್ಕೆ ಬರೆದುಕೊಟ್ಟಿದ್ದ ಸದಸ್ಯರ ಲೆಕ್ಕದ ಅಪ್ಲಿಕೇಶನ್ನನ್ನು, ಕಚೇರಿಯ ಹಳೆಯ ಕಂಪ್ಯೂಟರಿನಿಂದ ಬಾಡಿಗೆಗೆ ಪಡೆದ ಲಿನಕ್ಸ್ ಸರ್ವರಿಗೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಪ್ಲಿಕೇಶನ್ ಜಾವಾದ ಸ್ಪ್ರಿಂಗ್ ಚೌಕಟ್ಟಿನಲ್ಲಿತ್ತು, ದತ್ತಾಂಶ ಮೈಎಸ್‌ಕ್ಯೂಎಲ್‌ನಲ್ಲಿತ್ತು. ಇಂಥ ಅಪ್ಲಿಕೇಶನ್ನನ್ನು ಕಟ್ಟಿಕೊಡುವ ವಾರ್ ಫೈಲ್ ವಾಸ್ತವದಲ್ಲಿ ಒಂದು ಜಿಪ್ ಕಡತ. ಅದನ್ನು, ಜಾವಾ ವೆಬ್ ಅಪ್ಲಿಕೇಶನ್ನುಗಳನ್ನು ನಡೆಸುವ ಟಾಮ್‌ಕ್ಯಾಟ್ ತಂತ್ರಾಂಶದ ವೆಬ್‌ಆ್ಯಪ್ಸ್ ಫೋಲ್ಡರಿಗೆ ಹಾಕಿದರೆ ಸಾಕು, ಸರ್ವರ್ ತಾನೇ ಬಿಚ್ಚಿ ನಡೆಸುತ್ತದೆ ಎಂದು ಕೈಪಿಡಿಗಳು ಹೇಳುವುದು ಸುಳ್ಳಲ್ಲ. ಆದರೂ ನನ್ನ ಸಮಯವೆಲ್ಲ ಹೋದದ್ದು ಆ ಕಡತದೊಳಗೆ ಇಲ್ಲದ ಸಂಗತಿಗಳಿಗೆ.

ಮೊದಲು ತೀರ್ಮಾನಿಸಬೇಕಾದದ್ದು ಆವೃತ್ತಿಯನ್ನು. ಟಾಮ್‌ಕ್ಯಾಟ್ 10ರಿಂದ ವೆಬ್ ವಿನಂತಿಗಳಿಗೆ ಉತ್ತರಿಸುವ ಸರ್ವ್ಲೆಟ್ ಕ್ಲಾಸುಗಳ (ಜಾವಾ ಕೋಡಿನ ಘಟಕಗಳ) ಹೆಸರು 'ಜಾವಾಎಕ್ಸ್' ಬಿಟ್ಟು 'ಜಕಾರ್ತಾ' ಎಂದು ಆರಂಭವಾಗುತ್ತದೆ. ಹಳೆಯ ಹೆಸರುಗಳನ್ನೇ ಬಳಸಿ ಬರೆದ ನನ್ನ ಅಪ್ಲಿಕೇಶನ್ನನ್ನು ಪರೀಕ್ಷೆಗಾಗಿ 10ರ ಮೇಲೆ ಇಟ್ಟಾಗ ಲಾಗ್‌ನಲ್ಲಿ ಒಂದು ದೋಷವೂ ಕಾಣಲಿಲ್ಲ, ಎಲ್ಲ ವಿಳಾಸಗಳಿಗೂ 'ಪುಟ ಸಿಗಲಿಲ್ಲ' ಎನ್ನುವ 404 ಮಾತ್ರ ಬಂತು. ಸ್ಪ್ರಿಂಗ್‌ನ ಆರಂಭಿಕ ಕ್ಲಾಸನ್ನು ಸರ್ವರ್ ಗುರುತಿಸುವುದೇ ಇಲ್ಲವಾದ್ದರಿಂದ ದೂರು ಹೇಳುವವರೂ ಯಾರೂ ಇರುವುದಿಲ್ಲ. ಹೀಗಾಗಿ ಲಿನಕ್ಸ್‌ನ ಡೆಬಿಯನ್ 11 ವಿತರಣೆ, ಅದರ ಟಾಮ್‌ಕ್ಯಾಟ್ 9 ಪ್ಯಾಕೇಜ್ ಮತ್ತು ಜಾವಾ 11 ಎಂದು ನಿಶ್ಚಯಿಸಿದೆ.

ದತ್ತಾಂಶ ಸಂಗ್ರಹದ ವಿಳಾಸ ಮತ್ತು ಪಾಸ್‌ವರ್ಡನ್ನು ವಾರ್ ಫೈಲಿನಿಂದ ಹೊರಗೆ ತೆಗೆದೆ. ಸಂರಚನೆಯ ಫೋಲ್ಡರಿನಲ್ಲಿ ಅಪ್ಲಿಕೇಶನ್ನಿನ ಹೆಸರಿನ ಚಿಕ್ಕದೊಂದು ಎಕ್ಸ್‌ಎಂಎಲ್ ಕಡತವನ್ನಿಟ್ಟು, ವಾರ್ ಎಲ್ಲಿದೆ, ಸಂಪರ್ಕ ಯಾವುದು ಎಂಬುದನ್ನು ಅದರಲ್ಲೇ ಹೇಳಿದೆ. ಮೈಎಸ್‌ಕ್ಯೂಎಲ್ ಚಾಲಕದ ಜಾರ್ ಫೈಲನ್ನು ಟಾಮ್‌ಕ್ಯಾಟ್‌ನ ಲಿಬ್ ಫೋಲ್ಡರಿಗೆ ಸೇರಿಸಿದೆ. ಆ ಎಕ್ಸ್‌ಎಂಎಲ್ ಕಡತದ ಹೆಸರೇ ಬ್ರೌಸರಿನಲ್ಲಿ ಕಾಣುವ ದಾರಿಯಾಗುತ್ತದೆ. ಹೀಗೆ ಮಾಡಿದ ಮೇಲೆ ಪರೀಕ್ಷಾ ಯಂತ್ರದಲ್ಲಿ ಓಡಿದ ಅದೇ ಫೈಲ್, ಒಂದು ಬೈಟೂ ಬದಲಾಗದೆ, ನಿಜವಾದ ಸರ್ವರಿನಲ್ಲೂ ಓಡುತ್ತದೆ. ಪರೀಕ್ಷೆಗೆ ಅರ್ಥ ಬರುವುದು ಆಗಲೇ ಎಂಬುದು ನನ್ನ ಅಭಿಪ್ರಾಯ.

ಫೈಲ್ ಸಾಗಿಸುವಾಗಲೂ ಜಾಗ್ರತೆ ಬೇಕು. ಸ್ವಯಂ ನಿಯೋಜನೆ ಚಾಲ್ತಿಯಲ್ಲಿದ್ದರೆ ಟಾಮ್‌ಕ್ಯಾಟ್ ಸುಮಾರು 10 ಸೆಕೆಂಡಿಗೊಮ್ಮೆ ಫೋಲ್ಡರನ್ನು ಇಣುಕಿ ನೋಡುತ್ತದೆ. ನಿಧಾನದ ಸಂಪರ್ಕದಲ್ಲಿ ಇನ್ನೂ ಅರ್ಧ ಬಂದಿರುವ ಫೈಲನ್ನೇ ಬಿಚ್ಚಲು ಹೊರಟರೆ ಜಿಪ್ ದೋಷ ಖಚಿತ. ನಾನು ಆ ಸೌಲಭ್ಯವನ್ನು ನಿಲ್ಲಿಸಿ, ಫೈಲನ್ನು ಬೇರೊಂದು ಫೋಲ್ಡರಿಗೆ ಕಳುಹಿಸಿ, ಎರಡೂ ಕಡೆಯ ಎಸ್‌ಎಚ್‌ಎ-256 ಮೊತ್ತ (ಕಡತದ ಒಳವಿಷಯದಿಂದ ಲೆಕ್ಕಹಾಕುವ ಗುರುತು) ತಾಳೆಯಾದ ಮೇಲೆ ಮಾತ್ರ ಅದರ ಜಾಗಕ್ಕೆ ಸರಿಸುತ್ತೇನೆ.

ಹೆಚ್ಚು ತಲೆ ತಿಂದದ್ದು ಸದಸ್ಯರ ಭಾವಚಿತ್ರಗಳನ್ನು ಉಳಿಸುವ ಫೋಲ್ಡರು. ಅದರ ಮಾಲೀಕತ್ವ 'ಟಾಮ್‌ಕ್ಯಾಟ್' ಬಳಕೆದಾರನದೇ ಆಗಿತ್ತು, ಅನುಮತಿಗಳು ಸರಿಯಿದ್ದವು, ಅದೇ ಬಳಕೆದಾರನಾಗಿ ಟರ್ಮಿನಲ್ಲಿನಿಂದ ಖಾಲಿ ಕಡತ ಸೃಷ್ಟಿಸಿದರೆ ಅದೂ ಆಗುತ್ತಿತ್ತು. ಅಪ್ಲಿಕೇಶನ್ ಬರೆಯಲು ಹೋದಾಗ ಮಾತ್ರ ಕಡತ ವ್ಯವಸ್ಥೆ ಓದಲಷ್ಟೇ ಲಭ್ಯ ಎಂಬ ದೋಷ ಬರುತ್ತಿತ್ತು. ಕಾರಣ, ಲಿನಕ್ಸ್‌ನಲ್ಲಿ ಹಿನ್ನೆಲೆಯ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಸೇವಾ ಕಡತದಲ್ಲಿತ್ತು: ಡೆಬಿಯನ್ ಈ ಸೇವೆಯನ್ನು ಬಿಗಿಯಾದ ಆವರಣದಲ್ಲಿ ನಡೆಸುತ್ತದೆ, ಲಾಗ್, ವೆಬ್‌ಆ್ಯಪ್ಸ್‌ನಂಥ ಕೆಲವು ಜಾಗಗಳನ್ನು ಬಿಟ್ಟರೆ ಡಿಸ್ಕಿನ ಉಳಿದ ಭಾಗವೆಲ್ಲ ಅದಕ್ಕೆ ಓದಲು ಮಾತ್ರ. ಟರ್ಮಿನಲ್ ಆ ಆವರಣದ ಹೊರಗಿರುವುದರಿಂದ ಅಲ್ಲಿನ ಪರೀಕ್ಷೆ ಏನನ್ನೂ ಸಾಬೀತುಪಡಿಸುವುದಿಲ್ಲ. 'ಸಿಸ್ಟಂಸಿಟಿಎಲ್ ಎಡಿಟ್' ಆಜ್ಞೆಯ ಮೂಲಕ ಚಿತ್ರಗಳ ಫೋಲ್ಡರನ್ನು 'ರೀಡ್‌ರೈಟ್‌ಪಾತ್ಸ್' ಸಾಲಿನಲ್ಲಿ ಸೇರಿಸಿ ಸೇವೆಯನ್ನು ಮತ್ತೆ ಆರಂಭಿಸಿದ ಕೂಡಲೇ ಚಿತ್ರಗಳು ಉಳಿಯತೊಡಗಿದವು. ಆವರಣವನ್ನೇ ಪೂರ್ತಿ ಸಡಿಲಿಸಿಬಿಡಿ ಎಂಬ ಸಲಹೆ ಕೆಲವರು ಕೊಡುತ್ತಾರೆ. ಜನರ ಹಣದ ಲೆಕ್ಕ ಇರುವ ಯಂತ್ರದಲ್ಲಿ ಅದು ನನಗೆ ಒಪ್ಪಿಗೆಯಾಗದು.

ಕನ್ನಡದ ವಿಷಯ ಬೇರೆಯದೇ. ಪುಟಗಳಲ್ಲಿ ಹೆಸರುಗಳು ಸರಿಯಾಗಿ ಕಾಣುತ್ತಿದ್ದರೂ ಡಿವಿಡೆಂಡ್ ಪಟ್ಟಿಯ ಸಿಎಸ್‌ವಿ ಕಡತದಲ್ಲಿ 'ಗೌರಮ್ಮ' ಎಂಬ ಹೆಸರಿನ ಜಾಗದಲ್ಲಿ ಆರು ಪ್ರಶ್ನಾರ್ಥಕ ಚಿಹ್ನೆಗಳು ಬಂದವು. ಆ ಆರು ಎಂಬುದೇ ಸುಳಿವಾಯಿತು. ಕಣ್ಣಿಗೆ ಮೂರಕ್ಷರವಾದರೂ ಯುನಿಕೋಡ್‌ನಲ್ಲಿ ಆ ಹೆಸರಿಗೆ ಆರು ಸಂಕೇತಗಳಿವೆ, ಅವನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಪ್ರತಿಯೊಂದಕ್ಕೂ 3 ಬೈಟ್. ಬರೆದದ್ದನ್ನು ತಪ್ಪಾಗಿ ಓದಿದ್ದರೆ ಹದಿನೆಂಟು ಅಸಂಬದ್ಧ ಗುರುತುಗಳು ಬರಬೇಕಿತ್ತು; ಆರೇ ಬಂದಿವೆ ಎಂದರೆ ಬರೆಯುವ ಹಂತದಲ್ಲೇ ಅಕ್ಷರಗಳು ನಾಶವಾಗಿವೆ. ಜಾವಾ 18ಕ್ಕಿಂತ ಹಿಂದಿನ ಆವೃತ್ತಿಗಳು ಪೂರ್ವನಿಯೋಜಿತ ಸಂಕೇತಕ್ರಮವನ್ನು ಯಂತ್ರದ ಲೋಕೇಲ್‌ನಿಂದ (ಭಾಷೆ-ಪ್ರದೇಶದ ಹೊಂದಿಕೆಯಿಂದ) ಪಡೆಯುತ್ತವೆ, ಈ ಸೇವೆಗೆ ಸಿಕ್ಕಿದ್ದು ಕನ್ನಡ ಅಕ್ಷರಗಳಿಗೆ ಜಾಗವೇ ಇಲ್ಲದ ಬರಿಯ ಆಸ್ಕಿ. ಸೇವೆಯ ಜಾವಾ ಆಯ್ಕೆಗಳಲ್ಲಿ ಫೈಲ್ ಎನ್‌ಕೋಡಿಂಗನ್ನು ಯುಟಿಎಫ್-8 ಎಂದು ನಮೂದಿಸಿದೆ. ಮುಂದಿನ ಬಿಡುಗಡೆಯಲ್ಲಿ ಸಂಕೇತಕ್ರಮವನ್ನು ಕೋಡಿನಲ್ಲೇ ಸ್ಪಷ್ಟವಾಗಿ ಹೇಳಿದೆ.

ಮುಂಭಾಗದಲ್ಲಿ, ಹೊರಗಿನ ವಿನಂತಿಗಳನ್ನು ಪಡೆದು ಟಾಮ್‌ಕ್ಯಾಟ್‌ಗೆ ದಾಟಿಸುವ ಎಂಜಿನ್‌ಎಕ್ಸ್ ವೆಬ್ ಸರ್ವರ್ ಇದೆ. ವಿನಂತಿಯ ಗಾತ್ರಕ್ಕೆ ಅದರ ಪೂರ್ವನಿಯೋಜಿತ ಮಿತಿ 1 ಎಂಬಿಯಾದ್ದರಿಂದ ದೊಡ್ಡ ಚಿತ್ರಗಳಿಗೆ 413 ದೋಷ ಬರುತ್ತದೆ, ಆ ಮಿತಿಯನ್ನು ಹೆಚ್ಚಿಸಿಕೊಳ್ಳಬೇಕು. ಟಾಮ್‌ಕ್ಯಾಟ್‌ನ 8080 ಪೋರ್ಟ್ ಒಳಗಿನ ವಿಳಾಸಕ್ಕೆ ಮಾತ್ರ ತೆರೆದಿದೆ. ನಿರ್ವಹಣೆಯ ಜಾಲಪುಟವನ್ನು ನಾನು ಸ್ಥಾಪಿಸಲೇ ಇಲ್ಲ.

ಹೊಸ ಆವೃತ್ತಿ ಏರಿಸುವಾಗ ಹಳೆಯದನ್ನೂ ಜೊತೆಗೇ ಓಡಿಸುವ ವ್ಯವಸ್ಥೆ ಟಾಮ್‌ಕ್ಯಾಟ್ 7ರಿಂದಲೇ ಇದೆ. ಸಂಜೆ ಕೌಂಟರ್ ಮುಚ್ಚುವ ಕಚೇರಿಗೆ ಅದರ ಅಗತ್ಯ ಕಾಣಲಿಲ್ಲ. ಕೌಂಟರ್ ಮುಚ್ಚಿದ ಮೇಲೆ ಸೇವೆಯನ್ನು ನಿಲ್ಲಿಸಿ, ದತ್ತಾಂಶದ ಪ್ರತಿ ತೆಗೆದು, ಹಳೆಯ ವಾರ್ ಫೈಲಿಗೆ ದಿನಾಂಕದ ಹೆಸರಿಟ್ಟು ಪಕ್ಕಕ್ಕಿರಿಸಿ, ಹೊಸದನ್ನು ಸರಿಸಿ ಆರಂಭಿಸುತ್ತೇನೆ. ಹಿಂದಿರುಗಬೇಕಾದರೆ ಹಳೆಯ ಫೈಲ್ ಒಂದೇ ಸಾಲದು: ಹೊಸ ಆವೃತ್ತಿ ಕೋಷ್ಟಕಗಳಿಗೆ ಅಂಕಣ ಸೇರಿಸಿದ್ದರೆ ಅಥವಾ ತೆಗೆದಿದ್ದರೆ, ಆ ಸಂಜೆಯ ದತ್ತಾಂಶದ ಪ್ರತಿಯೂ ಜೊತೆಗೆ ಬೇಕಾಗುತ್ತದೆ.