ಹೊಸ ಪ್ರೆಸ್ ಕೊಳ್ಳುವ ಮುನ್ನ: ಡೈ ಬದಲಿಸುವ ಸಮಯವನ್ನು ಇಳಿಸುವ ಬಗೆ

ಪೀಣ್ಯದಲ್ಲಾಗಲಿ, ಬೆಳಗಾವಿಯ ಉದ್ಯಮಬಾಗದಲ್ಲಾಗಲಿ, ಎರಡು ಮೂರು ಪವರ್ ಪ್ರೆಸ್ (ತಗಡನ್ನು ಒತ್ತಿ ಬಿಡಿಭಾಗ ಮಾಡುವ ಯಂತ್ರ) ಇಟ್ಟುಕೊಂಡು ದೊಡ್ಡ ಕಂಪನಿಗಳಿಗೆ ಶೀಟ್ ಮೆಟಲ್ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಗಳಿಗೆ ಆರ್ಡರ್ ಹೆಚ್ಚಾದೊಡನೆ ಮೊದಲು ಹೊಳೆಯುವ ದಾರಿ ಸಾಲ ಮಾಡಿ ಇನ್ನೊಂದು ಪ್ರೆಸ್ ಹಾಕುವುದು. ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು, ಈಗಿರುವ ಪ್ರೆಸ್ ಡೈ (ಶೀಟಿಗೆ ಬೇಕಾದ ಆಕಾರ ಕೊಡುವ ಅಚ್ಚು) ಬದಲಾವಣೆಗಾಗಿ ದಿನಕ್ಕೆ ಎಷ್ಟು ಹೊತ್ತು ನಿಲ್ಲುತ್ತಿದೆ ಎಂಬುದನ್ನು ಒಂದು ವಾರ ತಪ್ಪದೆ ಬರೆದಿಡಿ. ಒಂದು ಜಾಬಿನ ಕೊನೆಯ ಒಳ್ಳೆಯ ಪೀಸ್ ಬಂದ ಕ್ಷಣದಿಂದ ಮುಂದಿನ ಜಾಬಿನ ಮೊದಲ ಒಳ್ಳೆಯ ಪೀಸ್ ಬರುವವರೆಗಿನ ಅಷ್ಟೂ ಹೊತ್ತು ಸೆಟ್ಟಿಂಗ್ ಸಮಯವೇ. ಟ್ರಯಲ್ ಹೊಡೆದದ್ದೂ, ಅಳತೆ ನೋಡುವವರು ಬರಲೆಂದು ಕಾದದ್ದೂ ಅದರಲ್ಲೇ ಸೇರಬೇಕು.

480 ನಿಮಿಷದ ಶಿಫ್ಟಿನಲ್ಲಿ ಎರಡು ಸಲ ಡೈ ಬದಲಿಸಿ, ಒಂದೊಂದಕ್ಕೂ 75 ನಿಮಿಷ ಹಿಡಿದರೆ, ಯಂತ್ರದ ಸಮಯದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಅಲ್ಲೇ ಹೋಯಿತು. ಅದೇ ಕೆಲಸ 25 ನಿಮಿಷಕ್ಕೆ ಇಳಿದರೆ 100 ನಿಮಿಷ ಉಳಿಯುತ್ತದೆ. ನಿಮಿಷಕ್ಕೆ 20 ಪೀಸ್ ಹೊಡೆಯುವ ಪ್ರೆಸ್ಸಿಗೆ ಅದು 2,000 ಪೀಸ್.

ಸೆಟ್ಟಿಂಗ್ ಸಮಯವನ್ನು ಹೀಗೆ ಇಳಿಸುವ ವಿಧಾನವನ್ನು ರೂಪಿಸಿದವರು ಜಪಾನಿನ ಎಂಜಿನಿಯರ್ ಶಿಗಿಯೊ ಶಿಂಗೊ. 1950ರಲ್ಲಿ ಹಿರೋಶಿಮಾದ ಮಜ್ದಾ ಕಾರ್ಖಾನೆಯಲ್ಲಿ 800 ಟನ್ ಪ್ರೆಸ್ಸಿನ ಡೈ ಬದಲಿಸುವುದನ್ನು ಅವರು ನೋಡುತ್ತಿದ್ದಾಗ ಒಂದು ಬೋಲ್ಟ್ ಕಾಣೆಯಾಗಿತ್ತು. ಕೆಲಸಗಾರ ಎಲ್ಲೆಡೆ ಹುಡುಕಾಡಿ, ಕೊನೆಗೆ ಪಕ್ಕದ ಯಂತ್ರದ ಉದ್ದ ಬೋಲ್ಟನ್ನು ಕತ್ತರಿಸಿ, ಹೊಸದಾಗಿ ಥ್ರೆಡ್ ಹಾಕಿಸಿಕೊಂಡು ಬರುವಷ್ಟರಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಕಳೆದಿತ್ತು. ಯಂತ್ರ ನಿಂತಾಗ ಮಾತ್ರ ಮಾಡಬಹುದಾದ ಕೆಲಸ ಬೇರೆ, ಅದು ಓಡುತ್ತಿರುವಾಗಲೇ ಮುಗಿಸಬಹುದಾದ ಕೆಲಸ ಬೇರೆ ಎಂಬ ವಿಂಗಡಣೆಗೆ ಅವರು ಬಂದದ್ದು ಅಲ್ಲಿಂದ. ಮುಂದೆ 1969ರಲ್ಲಿ ಟೊಯೋಟದ 1,000 ಟನ್ ಪ್ರೆಸ್ಸಿನಲ್ಲಿ ನಾಲ್ಕು ಗಂಟೆಯ ಸೆಟ್ಟಿಂಗ್ ಮೊದಲು ಒಂದೂವರೆ ಗಂಟೆಗೆ, ಬಳಿಕ ಮೂರು ನಿಮಿಷಕ್ಕೆ ಇಳಿಯಿತು.

ನಿಮ್ಮಲ್ಲೂ ವಿಂಗಡಣೆಯಿಂದಲೇ ಶುರುಮಾಡಿ. ಒಂದು ಡೈ ಬದಲಾವಣೆಯನ್ನು ಮೊದಲಿನಿಂದ ಕೊನೆಯವರೆಗೆ ಮೊಬೈಲಿನಲ್ಲಿ ಚಿತ್ರೀಕರಿಸಿ, ಅದನ್ನು ಮಾಡಿದ ಸೆಟ್ಟರ್ ಜೊತೆ ಕುಳಿತು ನೋಡಿ. ತಪ್ಪು ಹಿಡಿಯಲು ಕ್ಯಾಮೆರಾ ಬಂದಿದೆ ಎಂಬ ಅನುಮಾನ ಅವರಿಗೆ ಬಂದರೆ ಕೆಲಸ ಅಲ್ಲಿಗೇ ಕೆಟ್ಟಿತು. ಆದ್ದರಿಂದ ಉಳಿದ ಸಮಯದ ಲಾಭದಲ್ಲಿ ಅವರಿಗೂ ಪಾಲುಂಟು ಎಂದು ಮೊದಲೇ ಹೇಳಿ, ಹೇಳಿದಂತೆ ನಡೆದುಕೊಳ್ಳಬೇಕು. ವಿಡಿಯೊದಲ್ಲಿ ಸಾಮಾನ್ಯವಾಗಿ ಕಾಣುವುದು ಓಡಾಟ: ರ‍್ಯಾಕಿನಿಂದ ಡೈ ತರುವುದು, ಅಲೆನ್ ಕೀ ಹುಡುಕುವುದು, ಡ್ರಾಯಿಂಗ್ ಕೇಳಲು ಆಫೀಸಿಗೆ ಹೋಗುವುದು. ಮುಂದಿನ ಡೈ, ಅದರ ಬೋಲ್ಟು, ಕ್ಲಾಂಪು, ಸ್ಪ್ಯಾನರ್, ಗೇಜು, ಡ್ರಾಯಿಂಗ್ ಎಲ್ಲವನ್ನೂ ಹಿಂದಿನ ಜಾಬ್ ಓಡುತ್ತಿರುವಾಗಲೇ ಒಂದು ಟ್ರಾಲಿಯಲ್ಲಿ ಜೋಡಿಸಿ ಪ್ರೆಸ್ ಪಕ್ಕಕ್ಕೆ ತಂದಿಟ್ಟರೆ, ಈ ಓಡಾಟ ಒಂದು ರೂಪಾಯಿಯ ಹೊಸ ಉಪಕರಣವಿಲ್ಲದೆ ನಿಲ್ಲುತ್ತದೆ. ಡೈಯ ಪಂಚ್ ಮೊಂಡಾಗಿದೆಯೇ, ಸ್ಪ್ರಿಂಗ್ ಮುರಿದಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಬೇಕು.

ಯಂತ್ರ ನಿಂತ ಮೇಲಿನ ಕೆಲಸದಲ್ಲಿ ಹೆಚ್ಚು ಸಮಯ ತಿನ್ನುವುದು ಹೊಂದಾಣಿಕೆ. ಪ್ರತಿ ಡೈಯ ಎತ್ತರ ಬೇರೆಯಾದ್ದರಿಂದ ಸೆಟ್ಟರ್ ಪ್ರತಿ ಸಲವೂ, ಮೇಲಿನಿಂದ ಇಳಿದು ಹೊಡೆಯುವ ಭಾಗವಾದ ರ‍್ಯಾಮಿನ ಸ್ಕ್ರೂ ತಿರುಗಿಸಿ, ಒಂದು ಪೀಸ್ ಹೊಡೆದು ನೋಡಿ, ಮತ್ತೆ ತಿರುಗಿಸುತ್ತಾರೆ. ಆ ಪ್ರೆಸ್ಸಿಗೆ ಬರುವ ಡೈಗಳಲ್ಲಿ ಅತಿ ಎತ್ತರದ್ದನ್ನು ಅಳತೆಗೋಲಾಗಿ ಇಟ್ಟುಕೊಂಡು, ಉಳಿದವುಗಳ ಅಡಿಗೆ ಗ್ರೈಂಡ್ ಮಾಡಿದ ಪ್ಲೇಟನ್ನು ಶಾಶ್ವತವಾಗಿ ಬಿಗಿದು, ಡೈ ಮುಚ್ಚಿದಾಗಿನ ಎತ್ತರವನ್ನು ಸಮ ಮಾಡಿಬಿಟ್ಟರೆ ರ‍್ಯಾಮನ್ನು ಮುಟ್ಟುವ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ. ಕ್ಲಾಂಪ್ ಕೂರುವ ಅಂಚಿನ ದಪ್ಪವೂ ಎಲ್ಲ ಡೈಗಳಲ್ಲಿ ಒಂದೇ ಆದರೆ ಅದೇ ಬೋಲ್ಟ್, ಅದೇ ಸ್ಪ್ಯಾನರ್ ಸಾಕು. ಬೋಲ್ಟಿನ ವಿಷಯದಲ್ಲಿ ಶಿಂಗೊ ತೋರಿಸಿಕೊಟ್ಟದ್ದು ಇನ್ನೂ ಸರಳ: ಹದಿನೈದು ಸುತ್ತಿನಲ್ಲಿ ಬಿಗಿಯುವುದು ಕೊನೆಯ ಸುತ್ತು ಮಾತ್ರ, ಸಡಿಲಿಸುವುದು ಮೊದಲ ಸುತ್ತು ಮಾತ್ರ. ಬಾಯಿ ತೆರೆದ ಯು ಆಕಾರದ ವಾಷರ್ ಬಳಸಿದರೆ, ನಟ್ ಅದರ ಕೆಳಗಿನ ತೂತಿಗಿಂತ ಚಿಕ್ಕದಾಗಿದ್ದಲ್ಲಿ, ಒಂದು ಸುತ್ತು ಸಡಿಲಿಸಿ ವಾಷರ್ ಎಳೆದುಕೊಂಡು ಡೈಯನ್ನು ಹಾಗೆಯೇ ಎತ್ತಬಹುದು. ಡೈ ಕೂರುವ ಬೆಡ್ ಮೇಲೆ ಅದರ ಜಾಗ ಗುರುತಿಸುವ ಎರಡು ಲೊಕೇಟಿಂಗ್ ಪಿನ್ ಇದ್ದರೆ ಡೈಯನ್ನು ಸುತ್ತಿಗೆಯಿಂದ ತಟ್ಟಿ ನೇರ ಮಾಡುವ ಪಾಡಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಿಮಿಷ ಉಳಿಸಲು ಹೋಗಬೇಡಿ. ಡೈ ನಡುವೆ ಕೈ ಹೋಗುವ ಮೊದಲು ಮೇನ್ ಸ್ವಿಚ್ ಆರಿಸಿ ಬೀಗ ಹಾಕಿ, ಫ್ಲೈವೀಲ್ ಪೂರ್ತಿ ನಿಂತದ್ದನ್ನು ಕಣ್ಣಾರೆ ಕಂಡು, ರ‍್ಯಾಮಿನಡಿ ಸೇಫ್ಟಿ ಬ್ಲಾಕ್ ಇಡಲೇಬೇಕು. ಬೆರಳು ಕಳೆದುಕೊಂಡವರನ್ನು ಪ್ರೆಸ್ ಕೆಲಸದವರೆಲ್ಲ ಬಲ್ಲರು.

ಉಳಿದ ಹೊತ್ತನ್ನೆಲ್ಲ ಹೆಚ್ಚು ಮಾಲು ಹೊಡೆಯಲು ಬಳಸುವುದು ನನಗೆ ಒಪ್ಪಿಗೆಯಿಲ್ಲ. ‘ಹೇಗೂ ಡೈ ಕಟ್ಟಿದ್ದೇವೆ, ಇನ್ನೊಂದಿಷ್ಟು ಹೊಡೆದುಬಿಡೋಣ’ ಎಂದು ತಿಂಗಳಿಗಾಗುವಷ್ಟು ಮಾಲನ್ನು ಗೋಡೌನಿಗೆ ತುಂಬುವ ರೂಢಿ ಬಂದದ್ದೇ ಸೆಟ್ಟಿಂಗ್ ದುಬಾರಿಯೆಂಬ ಕಾರಣಕ್ಕೆ. ಆ ಹೊತ್ತನ್ನು ಡೈಯನ್ನು ಹೆಚ್ಚು ಸಲ ಬದಲಿಸಲು ಬಳಸಿ, ತಿಂಗಳಿಗೊಮ್ಮೆ 8,000 ಪೀಸ್ ಹೊಡೆಯುವ ಬದಲು ವಾರಕ್ಕೊಮ್ಮೆ 2,000 ಹೊಡೆದರೆ ಶೀಟಿಗೆ ಸುರಿದ ದುಡ್ಡು ಬೇಗ ಕೈಗೆ ಮರಳುತ್ತದೆ, ಗಿರಾಕಿ ಡ್ರಾಯಿಂಗ್ ಬದಲಿಸಿದರೂ ಹಾಳಾಗುವ ಮಾಲು ಕಡಿಮೆ.

ಎಲ್ಲ ಡೈಗಳಿಗೂ ಒಟ್ಟಿಗೆ ಕೈಹಾಕದೆ, ಪದೇ ಪದೇ ಏರಿಳಿಯುವ ನಾಲ್ಕೈದನ್ನು ಮೊದಲು ಸರಿಪಡಿಸಿ. ಹೊರಗಿನ ಮಾರ್ಗದರ್ಶನ ಬೇಕೆನಿಸಿದರೆ, ಕೇಂದ್ರದ ಎಂಎಸ್‌ಎಂಇ ಸಚಿವಾಲಯ 2023ರ ಮಾರ್ಚಿನಲ್ಲಿ ಹೊಸ ರೂಪದಲ್ಲಿ ಆರಂಭಿಸಿದ ಲೀನ್ (ಉತ್ಪಾದನೆಯಲ್ಲಿ ಪೋಲು ತಗ್ಗಿಸುವ) ಯೋಜನೆಯಡಿ ಸಲಹೆಗಾರರ ಶುಲ್ಕದ ದೊಡ್ಡ ಪಾಲನ್ನು ಸರ್ಕಾರವೇ ಭರಿಸುತ್ತದೆ. ಅದಕ್ಕೆ ಉದ್ಯಮ್ ನೋಂದಣಿ ಆಗಿರಬೇಕು.