ದಾವಣಗೆರೆಯಿಂದ ದುರ್ಗಕ್ಕೆ ಒಂದು ಗಂಟೆ: ಡೀಪ್ ಹೌಸ್ ಸಂಕಲನ ಕಟ್ಟುವ ಬಗೆ

ದಾವಣಗೆರೆಯಿಂದ ದುರ್ಗಕ್ಕೆ, ಅಂದರೆ ಚಿತ್ರದುರ್ಗಕ್ಕೆ, ಹೆದ್ದಾರಿ 48ರಲ್ಲಿ ಸುಮಾರು 60 ಕಿ.ಮೀ., ಆರಾಮಾಗಿ ಹೋದರೆ ಒಂದು ಗಂಟೆ. ಎಲೆಕ್ಟ್ರಾನಿಕ್ ನೃತ್ಯ ಸಂಗೀತದ ಒಂದು ಬಗೆಯಾದ ಡೀಪ್ ಹೌಸ್‌ನ ಸಂಕಲನಕ್ಕೂ ಅಷ್ಟೇ ಉದ್ದ ಸಾಕು: ತಲಾ 6 ನಿಮಿಷದ 10 ಟ್ರ್ಯಾಕ್. ಸಣ್ಣ ಲೇಬಲ್‌ನವರು ಸಾಮಾನ್ಯವಾಗಿ ಎಡವುವುದು ಹಾಡು ಆರಿಸುವಾಗಲ್ಲ, ಆರಿಸಿದ್ದನ್ನು ಒಂದರ ಪಕ್ಕ ಒಂದು ಕೂರಿಸುವಾಗ.

ಮೊದಲು ಫೈಲ್. ಕಲಾವಿದರಿಂದ 24 ಬಿಟ್ ವೇವ್ (ಕುಗ್ಗಿಸದ ಧ್ವನಿ ಫೈಲ್) ತರಿಸಿ. ಮಾಸ್ಟರ್ ಚಾನೆಲ್‌ನ ಲಿಮಿಟರ್ (ದನಿ ಮಿತಿ ಮೀರದಂತೆ ಒತ್ತಿಹಿಡಿಯುವ ಸಾಧನ) ತೆಗೆದಿರಬೇಕು, ಪೀಕ್ (ಗರಿಷ್ಠ ಮಟ್ಟ) ಮೈನಸ್ 6 ಡಿಬಿ ಆಸುಪಾಸಿನಲ್ಲಿರಬೇಕು. ಕೆಲವರು ಎಂಪಿ3ಯನ್ನೇ ವೇವ್ ಮಾಡಿ ಕಳಿಸುತ್ತಾರೆ. ಸ್ಪೆಕ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ ಕಳ್ಳ ಸಿಗುತ್ತಾನೆ: 16 ಕಿಲೋಹರ್ಟ್ಸ್‌ನಿಂದ ಮೇಲೆ ಚಾಕುವಿನಿಂದ ಕೊಯ್ದ ಹಾಗೆ ಪೂರ್ತಿ ಕಪ್ಪಾಗಿದ್ದರೆ ಅದು ಹೆಚ್ಚಾಗಿ 128 ಕೆಬಿಪಿಎಸ್‌ನ ಗುರುತು. ಮುಲಾಜಿಲ್ಲದೆ ವಾಪಸ್ ಕಳಿಸಿ, ಬಿಡುಗಡೆಗೆ ಮುನ್ನ ದನಿ ತಿದ್ದುವ ಮಾಸ್ಟರಿಂಗ್‌ನಲ್ಲಿ ಅದು ಸರಿಹೋಗುವುದಿಲ್ಲ.

ಇನ್ನು ಜೋಡಣೆ. ವೇಗ 118ರಿಂದ 124 ಬಿಪಿಎಂ (ನಿಮಿಷಕ್ಕೆ ಬಡಿತ) ಒಳಗಿರಲಿ, ಅಕ್ಕಪಕ್ಕದವಕ್ಕೆ 2ಕ್ಕಿಂತ ಹೆಚ್ಚು ಅಂತರ ಬೇಡ. ಶ್ರುತಿ ಅದಕ್ಕಿಂತ ಮುಖ್ಯ. 1980ರ ದಶಕದ ನಡುವಿನಲ್ಲಿ ಶಿಕಾಗೋದಲ್ಲಿ ಸಂಗೀತಗಾರ ಲ್ಯಾರಿ ಹರ್ಡ್ ಅಂಥವರ ಕೈಯಲ್ಲಿ ರೂಪುಗೊಂಡ ಈ ಸಂಗೀತದ ಜೀವವೇ ಉದ್ದುದ್ದ ತೇಲುವ ಮೈನರ್ ಸೆವೆಂತ್, ನೈನ್ತ್ ಎಂಬ ಸ್ವರಗುಚ್ಛ, ಅಂದರೆ ಕಾರ್ಡ್‌ಗಳಲ್ಲಿದೆ. ಹಾಗಾಗಿ ಬರೀ ತಾಳದ ಟೆಕ್ನೋದಲ್ಲಿ ಮುಚ್ಚಿಹೋಗುವ ಶ್ರುತಿಭಂಗ ಇಲ್ಲಿ ತಕ್ಷಣ ಕಿವಿಗೆ ಚುಚ್ಚುತ್ತದೆ. ಎ ಮೈನರ್ ಮುಗಿದ ಮೇಲೆ ಇ ಮೈನರ್, ಡಿ ಮೈನರ್ ಅಥವಾ ಸಿ ಮೇಜರ್ ಬಂದರೆ ಸರಾಗ. ಬಿ ಫ್ಲಾಟ್ ಮೈನರ್ ಬಂದರೆ ಹಾರ್ಮೋನಿಯಂ ತಪ್ಪಿ ಹಿಡಿದ ಹಾಗೆ. ಅದನ್ನು ಅಲ್ಲೇ ಇಡಬೇಕೆಂಬ ಹಟವಿದ್ದರೆ ನಡುವೆ 3 ಸೆಕೆಂಡ್ ಮೌನ ಬಿಡಿ.

ಡಿಜೆಗಳಿಗೆಂದು ಮಾಡಿದ ಟ್ರ್ಯಾಕ್ 32 ಬಾರ್ (ಒಂದು ಬಾರ್ ಅಂದರೆ ನಾಲ್ಕು ಬಡಿತ) ಬರೀ ಡ್ರಮ್‌ನಿಂದ ಶುರುವಾಗುವುದುಂಟು. 120 ಬಿಪಿಎಂನಲ್ಲಿ ಅದು 64 ಸೆಕೆಂಡ್. ಹತ್ತೂ ಟ್ರ್ಯಾಕ್ ಹೀಗೇ ಇದ್ದರೆ ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಖಾಲಿ ಬಡಿತ. ಆರಂಭವನ್ನು 8 ಬಾರ್‌ಗೆ, ಅಂದರೆ 16 ಸೆಕೆಂಡ್‌ಗೆ ಇಳಿಸಿದ ಎಡಿಟ್ ಕೇಳಿ ಪಡೆಯಿರಿ.

ದನಿಯ ಮಟ್ಟದಲ್ಲಿ ಮೀಟರ್ ನಂಬಿ ಕೆಟ್ಟವರೇ ಹೆಚ್ಚು. ಇಡೀ ಟ್ರ್ಯಾಕ್‌ನ ಸರಾಸರಿ ಲಫ್ಸ್ (ಕಿವಿಗೆ ಕೇಳುವ ಜೋರಿನ ಅಳತೆ) ಸಮ ಮಾಡಿದರೆ, ನಡುವೆ ಎರಡು ನಿಮಿಷ ಕಿಕ್ (ದೊಡ್ಡ ಡ್ರಮ್‌ನ ಬಡಿತ) ಇಲ್ಲದೆ ತೇಲುವ ಟ್ರ್ಯಾಕ್‌ನ ಸರಾಸರಿ ಕಡಿಮೆ ತೋರಿಸುತ್ತದೆ. ಅದನ್ನು ಮೇಲಕ್ಕೆತ್ತಿದಿರೋ, ಕಿಕ್ ವಾಪಸ್ ಬರುವಾಗ ಮುಖಕ್ಕೆ ಹೊಡೆಯುತ್ತದೆ. ಬದಲಿಗೆ ಪ್ರತಿ ಟ್ರ್ಯಾಕ್‌ನ ಅತಿ ತುಂಬಿದ 30 ಸೆಕೆಂಡ್ ಆರಿಸಿ ಅಕ್ಕಪಕ್ಕ ಇಟ್ಟು, ಮೀಟರ್‌ನ ಶಾರ್ಟ್ ಟರ್ಮ್ ಮೌಲ್ಯ (ಕೆಲವೇ ಸೆಕೆಂಡಿನ ಸರಾಸರಿ) ನೋಡಿ, ಕೊನೆಗೆ ಕಿವಿಯಿಂದ ಹೊಂದಿಸಿ. ಸ್ಪಾಟಿಫೈ ಜೋರಾದ ಹಾಡನ್ನು ಮೈನಸ್ 14 ಲಫ್ಸ್‌ಗೆ ಇಳಿಸುತ್ತದೆ. ಆದರೆ ಆಲ್ಬಂ ಪೂರ್ತಿ ಕ್ರಮವಾಗಿ ಹಾಕಿದಾಗ ಎಲ್ಲಕ್ಕೂ ಒಂದೇ ಪ್ರಮಾಣದಲ್ಲಿ ಇಳಿಸುವುದರಿಂದ ನೀವು ಇಟ್ಟ ಏರಿಳಿತ ಹಾಗೇ ಉಳಿಯುತ್ತದೆ. ಮಾಸ್ಟರ್ ಮೈನಸ್ 14ಕ್ಕಿಂತ ಜೋರಾಗಿದ್ದರೆ ಟ್ರೂ ಪೀಕ್ (ದನಿ ನಿಜವಾಗಿ ಮುಟ್ಟುವ ಗರಿಷ್ಠ ಮಟ್ಟ) ಮೈನಸ್ 2 ಡಿಬಿ ದಾಟದಿರಲಿ.

ಬೇಸನ್ನು ಮೋನೋದಲ್ಲಿ, ಅಂದರೆ ಎಡ–ಬಲ ಬೆರೆಸಿ ಒಂದೇ ಮಾಡಿ, ಒಮ್ಮೆ ಕೇಳಿ. ಸ್ಟೀರಿಯೋದಲ್ಲಿ ಹಿಗ್ಗಿಸಿದ ಬೇಸ್‌ನ ಎಡ–ಬಲ ಆಗ ಒಂದನ್ನೊಂದು ತಿಂದು ಮಾಯವಾಗಬಹುದು, 120 ಹರ್ಟ್ಸ್‌ಗಿಂತ ಕೆಳಗಿನದು ನಡುವೆಯೇ ಇರಲಿ. ಟ್ರ್ಯಾಕ್‌ಗಳ ಕೊನೆಯ ರಿವರ್ಬ್ ಬಾಲ (ನಿಧಾನವಾಗಿ ಕರಗುವ ಅನುರಣನ) ಪರೀಕ್ಷಿಸುವಾಗ ಫ್ಯಾನ್ ಆಫ್ ಮಾಡಿ, ಹೆಡ್‌ಫೋನ್ ಹಾಕಿ. ಏಪ್ರಿಲ್‌ನ ದಾವಣಗೆರೆಯಲ್ಲಿ ಇದು ಶಿಕ್ಷೆಯೇ, ಆದರೂ ಬೇಗ ಕತ್ತರಿಸಿದ ಬಾಲ ಫ್ಯಾನಿನ ಸದ್ದಿನಲ್ಲಿ ಗೊತ್ತೇ ಆಗುವುದಿಲ್ಲ. ರೆಂಡರ್ ಮಾಡುವಾಗ, ಅಂದರೆ ಅಂತಿಮ ಫೈಲ್ ತೆಗೆಯುವಾಗ, ಕಂಪ್ಯೂಟರ್ ಯುಪಿಎಸ್ ಮೇಲಿರಲಿ. ಕರೆಂಟ್ ಹೋಗಿದ್ದರೆ ಫೈಲ್‌ನ ಅವಧಿಯನ್ನು ಮೂಲದೊಂದಿಗೆ ತಾಳೆ ನೋಡಿ.

ಕಾಗದಪತ್ರ ಬಾಯಿಮಾತಲ್ಲಿ ಬೇಡ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಕೊಡುವ ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೇ ಅರ್ಥ. ಆನ್‌ಲೈನ್ ಬಿಡುಗಡೆ ಜಗತ್ತಿಗೆಲ್ಲ ಹೋಗುವುದರಿಂದ ‘ಜಗತ್ತಿನಾದ್ಯಂತ’ ಎಂಬ ಒಂದು ಪದ ಬಿಟ್ಟುಹೋಗಬಾರದು. ಹಳೆಯ ಸಿನಿಮಾ ಹಾಡಿನ ತುಣುಕು ಎರಡೇ ಸೆಕೆಂಡ್ ಇದ್ದರೆ ನಡೆಯುತ್ತದೆ ಎಂಬುದು ಕಟ್ಟುಕತೆ, ಅನುಮತಿ ಬೇಕು.

ಧ್ವನಿಮುದ್ರಣವನ್ನು ಗುರುತಿಸುವ 12 ಅಕ್ಷರ–ಅಂಕಿಗಳ ಸಂಕೇತವಾದ ಐಎಸ್‌ಆರ್‌ಸಿ ಪ್ರತಿ ಟ್ರ್ಯಾಕ್‌ಗೂ ಬೇಕು. ಮೊದಲೇ ಬಿಡುಗಡೆಯಾಗಿದ್ದರೆ ಹಳೆಯದನ್ನೇ ಬಳಸಿ, ಎಡಿಟ್ ಮಾಡಿದ್ದರೆ ಹೊಸದು. ಕಲಾವಿದರ ಹೆಸರಿನ ಕಾಗುಣಿತ ಒಂದಕ್ಷರ ತಪ್ಪಿದರೂ ಹಾಡು ಬೇರೆ ಯಾರದೋ ಪುಟಕ್ಕೆ ಹೋಗಿ ಕೂರಬಹುದು. ಮುಖಪುಟ 3000 × 3000 ಪಿಕ್ಸೆಲ್. ದುರ್ಗದ ಕೋಟೆಯ ಚಿತ್ರ ಹಾಕಬೇಕೆನಿಸುವುದು ಸಹಜ, ಆದರೆ ಫೋನಿನಲ್ಲಿ ಹೆಬ್ಬೆರಳ ಗಾತ್ರಕ್ಕಿಳಿದಾಗ ಅದು ಬರೀ ಕಲ್ಲುಗುಡ್ಡ. ವಿತರಕರಿಗೆ ಎಲ್ಲವನ್ನೂ ನಾಲ್ಕು ವಾರ ಮೊದಲು ಕಳಿಸಿ.

ಕಳಿಸುವ ಮುನ್ನ ಪೂರ್ತಿ ಸಂಕಲನ ಹಾಕಿಕೊಂಡು ಕಾರಿನಲ್ಲಿ ದುರ್ಗದವರೆಗೆ ಹೋಗಿ. ಬೇಸ್ ಅಳೆಯಲಿಕ್ಕಲ್ಲ, ಟೈರಿನ ಸದ್ದು ಅದನ್ನು ನುಂಗುತ್ತದೆ. ಕೈ ವಾಲ್ಯೂಮ್ ಗುಂಡಿಗೆ ಎಲ್ಲಿ ಹೋಯಿತು ಎಂದು ಪಕ್ಕದಲ್ಲಿ ಕೂತವರು ಬರೆದುಕೊಳ್ಳಲಿ. ದಾರಿಯಲ್ಲಿ ಸಿಗುವ ಭರಮಸಾಗರ ದಾಟುವುದರೊಳಗೆ ಮೂರು ಸಲ ಹೋಗಿದ್ದರೆ ಆ ಮೂರು ಜೋಡಣೆಗಳನ್ನು ಬಿಚ್ಚಿ ಮತ್ತೆ ಕಟ್ಟಬೇಕು.