ಕೂಡ್ಲೂರಿನಲ್ಲಿ ಕಲಿತ ಲೆಕ್ಕ: ನನ್ನ ಇಂಟರ್ನ್‌ಶಿಪ್ ಅನುಭವ

ನಮ್ಮ ಕೊಡಗಿನ ಕಡೆ ಬಿ.ಕಾಂ ಓದುವ ಮಕ್ಕಳು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಒಂದೇ. "ಅಕ್ಕಾ, ಇಂಟರ್ನ್‌ಶಿಪ್‌ಗೆ ಬೆಂಗಳೂರಿಗೆ ಹೋಗಲೇಬೇಕಾ?" ಬೇಡ ಅನ್ನುತ್ತೇನೆ. ನಾನು ಹೋಗಲಿಲ್ಲ. ಸುಂಟಿಕೊಪ್ಪದಿಂದ ಬಸ್ಸು ಹತ್ತಿ, ಕುಶಾಲನಗರದ ಪಕ್ಕದ ಕೂಡ್ಲೂರು ಕೈಗಾರಿಕಾ ಪ್ರದೇಶದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ, ಅಂದರೆ ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ ಕಾರ್ಖಾನೆಗೆ, ಹೋಗಿ ಬರುತ್ತಿದ್ದೆ. ಈಗ ಕಾಫಿ ವ್ಯಾಪಾರದ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತೇನೆ. ಈ ಕೆಲಸ ಸಿಗಲು ನನ್ನ ಅಂಕಪಟ್ಟಿಗಿಂತ ಆ ಒಂದು ಸೀಸನ್ನೇ ಕಾರಣ.

ನನ್ನ ಗೆಳತಿ ಬೆಂಗಳೂರಿಗೇ ಹೋದಳು. ಕಂಪನಿ ದೊಡ್ಡದು. ಅವಳಿಗೆ ಸಿಕ್ಕ ಕೆಲಸ ಒಂದು ಎಕ್ಸೆಲ್ ಹಾಳೆಯ ಒಂದು ಕಾಲಂ. ಆ ಅಂಕಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಕೊನೆಯವರೆಗೂ ಅವಳಿಗೆ ಯಾರೂ ಹೇಳಲಿಲ್ಲ. ಪಿ.ಜಿ. ಬಾಡಿಗೆ ಮಾತ್ರ ಮನೆಯಿಂದಲೇ ಹೋಯಿತು. ಚಿಕ್ಕ ಜಾಗದಲ್ಲಿ ಹೀಗಾಗುವುದು ಕಡಿಮೆ. ಅಲ್ಲಿ ಲಾರಿ ಒಳಗೆ ಬರುವುದರಿಂದ ಹಿಡಿದು ಬ್ಯಾಂಕಿಗೆ ದುಡ್ಡು ಬೀಳುವವರೆಗೆ ಎಲ್ಲವೂ ಒಂದೇ ಕಾಂಪೌಂಡಿನಲ್ಲಿ ಕಣ್ಣಿಗೆ ಬೀಳುತ್ತದೆ.

ನಾನು ಕೇಳಲು ಹೋಗಿದ್ದು ನವೆಂಬರ್‌ನಲ್ಲಿ. ಕೊಡಗಿನಲ್ಲಿ ಅರೇಬಿಕಾ ಕಾಫಿಯ ಕೊಯ್ಲು ಶುರುವಾಗುವ ಕಾಲ ಅದು. ಇನ್ನೊಂದು ಜಾತಿ, ರೋಬಸ್ಟಾ, ಜನವರಿ ಹೊತ್ತಿಗೆ ಬರುತ್ತದೆ. ಆಮೇಲೆ ಕ್ಯೂರಿಂಗ್ ವರ್ಕ್ಸ್‌ನವರಿಗೆ ತಲೆ ಎತ್ತಲೂ ಪುರುಸೊತ್ತಿಲ್ಲ. ಆಗ ಕೈಗೊಬ್ಬರು ಬೇಕೇ ಬೇಕು. ಮಳೆಗಾಲದಲ್ಲಿ ಹೋಗಿ ಕೇಳಿದರೆ ಕುರ್ಚಿ ಕೊಡುತ್ತಾರೆ, ಕೆಲಸ ಇರುವುದಿಲ್ಲ. ಕಾಲೇಜಿನ ಪತ್ರ ಕೈಯಲ್ಲಿತ್ತು. ಮ್ಯಾನೇಜರ್ ಪತ್ರ ಓದುವ ಮೊದಲೇ ಕೇಳಿದರು, "ಗೋಣಿಚೀಲದ ಧೂಳು ತಡ್ಕೊಳ್ತೀಯೇನಮ್ಮಾ?" "ನಮ್ಮದೂ ಸ್ವಲ್ಪ ತೋಟ ಇದೆ ಸರ್" ಅಂದೆ. ಅಷ್ಟೇ ನನ್ನ ಸಂದರ್ಶನ.

ಶುರುವಿನಲ್ಲಿ ಕೊಟ್ಟಿದ್ದು ತೂಕದ ಚೀಟಿಗಳನ್ನು ಜೋಡಿಸುವ ಕೆಲಸ. ಬೇಜಾರಿನ ಕೆಲಸವೇ. ಆದರೂ ಬೇಡ ಅನ್ನಬೇಡಿ. ಯಾವ ಊರಿನಿಂದ ಎಷ್ಟು ಚೀಲ, ಯಾವ ದರ, ಯಾವಾಗ ಪಾವತಿ, ಎಲ್ಲವೂ ಆ ಚೀಟಿಗಳಲ್ಲೇ ಇರುತ್ತದೆ. ಅಲ್ಲಿ ನನಗೆ ಅರ್ಥವಾಗದೆ ಉಳಿದಿದ್ದು ಒಂದೇ ಕಾಲಂ, ಓಟಿ, ಅಂದರೆ ಔಟ್‌ಟರ್ನ್. ಮನೆಯಲ್ಲಿ ಅಪ್ಪ ದಿನಾ ಫೋನಿನಲ್ಲಿ "ಇವತ್ತು ಓಟಿ ಎಷ್ಟು?" ಅಂತ ಕೇಳುವುದನ್ನು ಕೇಳಿಯೇ ಬೆಳೆದವಳು ನಾನು. ಅದರ ಲೆಕ್ಕ ಹೇಗೆ ಅಂತ ಮಾತ್ರ ಗೊತ್ತಿರಲಿಲ್ಲ.

ಮಾದರಿ ಕೋಣೆಯಲ್ಲಿದ್ದ ಅಣ್ಣ ತೋರಿಸಿಕೊಟ್ಟರು. ಚೀಲಗಳಿಗೆ ಚೂಪು ಕೊಳವೆ ಚುಚ್ಚಿ ಅಲ್ಲಲ್ಲಿಂದ ಮಾದರಿ ತೆಗೆಯುತ್ತಾರೆ. ತೇವಾಂಶ ನೋಡುತ್ತಾರೆ, ರೋಬಸ್ಟಾ ಚೆರ್ರಿಯಾದರೆ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಸುಮಾರು 11 ಶೇಕಡಾಕ್ಕೆ ಒಣಗಿರಬೇಕು. ಆಮೇಲೆ ಚಿಕ್ಕ ಯಂತ್ರದಲ್ಲಿ ಸಿಪ್ಪೆ ಬಿಡಿಸಿ ಬೀಜ ತೂಗುತ್ತಾರೆ. 50 ಕೆ.ಜಿ. ಚೀಲಕ್ಕೆ 26 ಕೆ.ಜಿ. ಬೀಜ ಬೀಳುವ ಹಾಗಿದ್ದರೆ ಓಟಿ 26. ದರ ಹೇಳುವುದು ಒಂದೊಂದು ಓಟಿಗೆ. ಲೆಕ್ಕ ಸುಲಭವಾಗಲಿ ಅಂತ ಓಟಿಗೆ 400 ರೂಪಾಯಿ ಇಟ್ಟುಕೊಳ್ಳಿ. 26ರ ಚೀಲಕ್ಕೆ 10,400, 27ರ ಚೀಲಕ್ಕೆ 10,800. ಇನ್ನೂರು ಚೀಲ ತಂದವನಿಗೆ ಒಂದು ಓಟಿ ಹೆಚ್ಚು ಕಡಿಮೆಯಾದರೆ 80,000 ರೂಪಾಯಿ ವ್ಯತ್ಯಾಸ! ಕಾಸ್ಟ್ ಅಕೌಂಟಿಂಗ್ ಪುಸ್ತಕದಲ್ಲಿ ಇಳುವರಿ, ನಷ್ಟ ಅಂತ ಓದಿ ಪರೀಕ್ಷೆ ಬರೆದಿದ್ದೆ. ಅದು ಯಾರದೋ ಮನೆಯ ಮದುವೆ ಖರ್ಚು ಅಂತ ಗೊತ್ತಾಗಿದ್ದು ಅಲ್ಲಿ.

ಒಂದು ದಿನ ಸೋಮವಾರಪೇಟೆ ಕಡೆಯ ಹಿರಿಯ ಬೆಳೆಗಾರರೊಬ್ಬರು ಸಿಟ್ಟಿನಲ್ಲೇ ಒಳಗೆ ಬಂದರು. "ಏನಮ್ಮಾ, ಹೋದ ವರ್ಷ 27 ಬಂದಿತ್ತು. ಅದೇ ತೋಟ, ಅದೇ ಗಿಡ. ಈ ಸಲ 26 ಅಂತೀರಲ್ಲ?" ಅಣ್ಣ ಊಟಕ್ಕೆ ಹೋಗಿದ್ದರು. ನಾನು ಅವರನ್ನು ಮಾದರಿ ಕೋಣೆಗೆ ಕರೆದುಕೊಂಡು ಹೋಗಿ, ಉಳಿಸಿಟ್ಟ ಮಾದರಿಯನ್ನು ಅವರ ಎದುರಿಗೇ ಟ್ರೇಯಲ್ಲಿ ಸುರಿದೆ. ಜೊಳ್ಳು ಬೇರೆ, ಕಾಯಿಕೊರಕ ಹುಳ ತೂತು ಮಾಡಿದ್ದು ಬೇರೆ, ಗಟ್ಟಿ ಬೀಜ ಬೇರೆ ಮಾಡಿ ತೋರಿಸಿದೆ. ಅವರು ಸುಮ್ಮನೆ ನೋಡಿದರು. ಕೊನೆಗೆ, "ಕೆಳಗಿನ ಗದ್ದೆ ಪಕ್ಕದ ಬ್ಲಾಕಿಂದು ಇರಬೇಕು" ಅಂದರು. ದರ ಬದಲಾಗಲಿಲ್ಲ, ಸಿಟ್ಟು ಇಳಿಯಿತು. ಒಂದು ಅಂಕಿಯನ್ನು ಅದರ ದುಡ್ಡಿನ ಯಜಮಾನನಿಗೆ ಬಿಡಿಸಿ ಹೇಳುವ ಕೆಲಸ ಯಾವ ತರಗತಿಯಲ್ಲೂ ಸಿಗುವುದಿಲ್ಲ. ಈಗಲೂ ನನ್ನ ಸಂಬಳದ ಅರ್ಧ ಭಾಗ ಅದಕ್ಕೇ ಸಿಗುತ್ತಿದೆ ಅನ್ನಿಸುತ್ತದೆ.

ಮಧ್ಯಾಹ್ನ ಊಟವಾಗಿ ಸ್ವಲ್ಪ ಹೊತ್ತಿಗೆ ಕಚೇರಿಯ ಫೋನುಗಳು ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ಲಂಡನ್ ಮಾರುಕಟ್ಟೆ ತೆರೆಯುವ ಹೊತ್ತು. ರೋಬಸ್ಟಾ ದರ ಲಂಡನ್ನಿನಲ್ಲಿ, ಟನ್ನಿಗೆ ಡಾಲರ್ ಲೆಕ್ಕ. ಅರೇಬಿಕಾ ನ್ಯೂಯಾರ್ಕಿನಲ್ಲಿ, ಪೌಂಡಿಗೆ ಸೆಂಟ್ ಲೆಕ್ಕ. ನಾನಿದ್ದಿದ್ದು 2025ರ ಆರಂಭದಲ್ಲಿ. ಲಂಡನ್ ದರ ಟನ್ನಿಗೆ 5,000 ಡಾಲರ್ ದಾಟಿ ಹೋಗಿತ್ತು. ಟನ್ನನ್ನು ಕೆ.ಜಿ.ಗೆ, ಡಾಲರನ್ನು ರೂಪಾಯಿಗೆ ತಂದು ನಮ್ಮ ದರದ ಪಕ್ಕ ಇಡುವ ಒಂದು ಹಾಳೆ ಮಾಡಿಕೊಟ್ಟೆ. ದೊಡ್ಡ ಬುದ್ಧಿವಂತಿಕೆ ಏನಲ್ಲ. ಆದರೆ ಮ್ಯಾನೇಜರ್ ಅದನ್ನು ದಿನಾ ತೆರೆಯುತ್ತಿದ್ದರು. ನಾವು ಮಾಡಿದ್ದನ್ನು ಇನ್ನೊಬ್ಬರು ನಿಜವಾಗಿ ಬಳಸುವುದು ನೋಡಿದರೆ ಒಂಥರಾ ಧೈರ್ಯ ಬರುತ್ತದೆ, ಅಲ್ವಾ?

ತೆರಿಗೆ ಮೇಜಿನಲ್ಲಿ ಕೂತಿದ್ದು ಕಡಿಮೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ ಅಂತ ಒಂದೇ ಸಾಲು ಓದಿದ್ದೆ. ಬೆಳೆಗಾರ ತಾನೇ ಕ್ಯೂರಿಂಗ್ ಮಾಡಿಸಿ ಮಾರಿದರೆ ಆಗಿನ ಆದಾಯ ತೆರಿಗೆಯ 7ಬಿ ನಿಯಮದಂತೆ ಆ ಆದಾಯದ 25 ಶೇಕಡಾ ತೆರಿಗೆ ಬೀಳುವ ವ್ಯಾಪಾರದ ಆದಾಯ, ಹುರಿದು ಪುಡಿ ಮಾಡಿ ಮಾರಿದರೆ 40 ಶೇಕಡಾ ಅಂತ ಅಲ್ಲಿನ ಅಕೌಂಟೆಂಟ್ ಹೇಳಿಕೊಟ್ಟರು. ಮನೆಯಲ್ಲೇ ಕಾಫಿ ಪುಡಿ ಮಾಡಿ ಪ್ಯಾಕೆಟ್ ಮಾಡುವ ಎಷ್ಟು ಮನೆಗಳಿಲ್ಲ ನಮ್ಮಲ್ಲಿ! ಅವರಿಗೆ ಇದನ್ನು ಹೇಳಬಲ್ಲ ಹುಡುಗರು ಬೇಕು.

ದುಡ್ಡಿನ ಮಾತು. ನನಗೆ ಸಿಕ್ಕಿದ್ದು ಬಸ್ ಚಾರ್ಜು, ಮಧ್ಯಾಹ್ನದ ಊಟ. ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸು ಹೆಂಗಸರಿಗೆ ಫ್ರೀ ಆಗಿತ್ತು, ಆದರೆ ನನ್ನ ಹೊತ್ತಿಗೆ ಮೊದಲು ಬರುವುದು ಯಾವಾಗಲೂ ಖಾಸಗಿ ಬಸ್ಸೇ! ಒಂದು ಸೀಸನ್ ಕಲಿಯಲು ಅಷ್ಟು ಸಾಕು. ಅದಕ್ಕಿಂತ ಜಾಸ್ತಿ ಕಾಲ ಸಂಬಳವಿಲ್ಲದೆ ದುಡಿಸಿಕೊಂಡರೆ ಅದು ಕಲಿಕೆ ಅಲ್ಲ, ಬಿಟ್ಟಿ ಚಾಕರಿ. ಇನ್ನು ನಮ್ಮಿಂದಲೇ ದುಡ್ಡು ಕೇಳಿ ಆನ್‌ಲೈನಿನಲ್ಲಿ ಇಂಟರ್ನ್‌ಶಿಪ್ ಪ್ರಮಾಣಪತ್ರ ಕಳಿಸುವವರಿದ್ದಾರೆ. ನನ್ನ ತರಗತಿಯಲ್ಲೇ ಕೆಲವರು ಕೊಟ್ಟರು. ಆ ಕಾಗದ ಕಾಲೇಜಿನ ಕಡತ ತುಂಬಿಸಿತು, ಬೇರೆ ಏನೂ ಆಗಲಿಲ್ಲ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಅಂತ 2024ರಲ್ಲಿ ಶುರುವಾದಾಗ ತಿಂಗಳಿಗೆ 5,000 ರೂಪಾಯಿ ಅಂತ ಕೇಳಿ ನಾವೆಲ್ಲ ಕುಣಿದೆವು. ಆಗ ಅದು ಪೂರ್ಣಾವಧಿ ಓದುತ್ತಿದ್ದವರಿಗೆ ಇರಲಿಲ್ಲ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತವರು ನೋಡಬಹುದು.

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಚೌಕಟ್ಟಿನಲ್ಲಿ ಇಂಟರ್ನ್‌ಶಿಪ್‌ಗೆ 2ರಿಂದ 4 ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ 30 ಗಂಟೆ ಅಂತ ಇದೆ. 60 ಗಂಟೆಯಲ್ಲಿ ಜನರ ಹೆಸರು ಗೊತ್ತಾಗುತ್ತದೆ ಅಷ್ಟೇ. ನಾನು ಸೆಮಿಸ್ಟರ್ ರಜೆ ಮುಗಿದ ಮೇಲೂ ಶನಿವಾರ ಹೋಗುತ್ತಿದ್ದೆ. ನಿಜವಾದ ಕೆಲಸ ಕೈಗೆ ಬಂದಿದ್ದೇ ಆಮೇಲೆ.

ಎಲ್ಲರಿಗೂ ಕಾಫಿಯೇ ಆಗಬೇಕು ಅಂತಿಲ್ಲ. ಮಾರ್ಚ್‌ನಲ್ಲಿ ಊರಿನ ಸಹಕಾರ ಸಂಘಕ್ಕೆ ಹೋಗಿ ನೋಡಿ, ಬೆಳೆಸಾಲ ಕಟ್ಟಿ ಹೊಸದಾಗಿ ತೆಗೆಯುವವರ ಸಾಲು ಬಾಗಿಲು ದಾಟಿರುತ್ತದೆ. ಮಡಿಕೇರಿಯ ಆಡಿಟರ್ ಕಚೇರಿಗಳಿವೆ. ಬಿ.ಬಿ.ಎ. ಓದುವವರಿಗೆ ಹೋಂಸ್ಟೇಗಳಿವೆ. ವಿಜ್ಞಾನದವರು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ವಿಚಾರಿಸಬಹುದು.

ಈಗಿನ ಕೆಲಸದ ಸಂದರ್ಶನದಲ್ಲಿ ನನ್ನ ಅಂಕಪಟ್ಟಿಯನ್ನು ಅವರು ತಿರುಗಿಸಿಯೂ ನೋಡಲಿಲ್ಲ. "ಒಂದೇ ಲಾಟ್ ಕಾಫಿಗೆ ಎರಡು ಕಡೆ ಬೇರೆ ಬೇರೆ ಓಟಿ ಬಂದರೆ ಏನು ಮಾಡ್ತೀರಿ?" ಅಂತ ಕೇಳಿದರು. ಮಾದರಿ ಎಲ್ಲಿಂದ ತೆಗೆದರು, ತೇವಾಂಶ ಎಷ್ಟಿತ್ತು ಅಂತ ಮೊದಲು ನೋಡುತ್ತೇನೆ ಅಂದೆ. ಮಾತು ಅಲ್ಲಿಂದ ತೋಟ, ಮಳೆ, ಲಂಡನ್ ಅಂತ ಹೋಯಿತು.

ಪ್ರಮಾಣಪತ್ರ ತೆಗೆದುಕೊಳ್ಳುವಾಗ ಒಂದು ಕೆಲಸ ಮಾಡಿ. "ಯಶಸ್ವಿಯಾಗಿ ಪೂರೈಸಿದ್ದಾರೆ" ಅಂತ ಒಂದೇ ಸಾಲು ಬರೆಸಿಕೊಂಡು ಬರಬೇಡಿ. ಯಾವ ವಿಭಾಗ, ಏನು ಕೆಲಸ, ಯಾವ ತಂತ್ರಾಂಶ, ಎಲ್ಲಾ ಬರೆಸಿ. ಅವರಿಗೆ ಬರೆಯಲು ಪುರುಸೊತ್ತು ಇರುವುದಿಲ್ಲ, ಹಾಗಾಗಿ ನಾನೇ ಕರಡು ಟೈಪ್ ಮಾಡಿಕೊಂಡು ಹೋಗಿದ್ದೆ. ಮ್ಯಾನೇಜರ್ ಓದಿ, ದರದ ಹಾಳೆಯ ವಿಷಯ ಬಿಟ್ಟಿದ್ದೀಯಲ್ಲ ಅಂತ ಅದನ್ನೂ ಸೇರಿಸಿ ಸಹಿ ಹಾಕಿದರು.